ಹಾಡಿನ ಕೊನೆಯ ನುಡಿ

ಕ್ಯಾಸೆಟ್ಟು, ಸಿ.ಡಿ.ಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೇ, ಎಲ್ಲವನ್ನೂ ಮೊಬೈಲಿನಲ್ಲಿ ಕೇಳಿಕೊಂಡರೆ ಸಾಲದೇ ಎಂಬುದು ಮಹಾನಗರಗಳಲ್ಲಿ ಈಗ ರುಚಿಯ ಚರ್ಚೆಯಾಗಿದೆ. ಅಲ್ಲಿ ಎಲ್.ಪಿ. ತಟ್ಟೆಗಳು ಮರಳಿ ಅಂಗಡಿಗೆ ಬಂದಿವೆ. ಒಂದೊಂದಕ್ಕೆ ಸಾವಿರಾರು ರೂಪಾಯಿ ಕೊಟ್ಟು ಕೊಂಡು, ಮೆಲ್ಲಗೆ ಸೂಜಿ ಇಳಿಸಿ, ದನಿಯ ಗುಣವನ್ನು ಬಣ್ಣಿಸುವವರಿದ್ದಾರೆ. ಅವರ ಸುಖಕ್ಕೆ ನಮ್ಮ ತಕರಾರೇನೂ ಇಲ್ಲ. ಆದರೆ ಅದೇ ಪ್ರಶ್ನೆಯನ್ನು ರೋಣ, ನರಗುಂದ, ಗಜೇಂದ್ರಗಡಗಳ ನಡುವೆ ತಂದಿಟ್ಟು ನೋಡಿದರೆ ಅದರ ಚಹರೆಯೇ ಬೇರೆಯಾಗುತ್ತದೆ. ಇಲ್ಲಿ ಟ್ರಂಕಿನ ತಳದಲ್ಲಿ, ಅಟ್ಟದ ಮೇಲಿನ ರಟ್ಟಿನ ಡಬ್ಬಿಯಲ್ಲಿ ಉಳಿದಿರುವ ಕ್ಯಾಸೆಟ್ಟುಗಳಲ್ಲಿ ಯಾರ ದನಿ ಇದೆ? ಆ ದನಿ ಮೊಬೈಲಿನಲ್ಲಿ ಸಿಗುತ್ತದೆಯೇ? ಸಿಗದಿದ್ದರೆ ಇನ್ನೆಷ್ಟು ವರ್ಷ ಅದು ನಮಗೆ ಕೇಳಿಸೀತು? ದನಿ ಚೆನ್ನಾಗಿದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು.

ಈ ಸೀಮೆಗೂ ರಿಕಾರ್ಡಿಗೂ ಇರುವ ಸಂಬಂಧ ಚಿಕ್ಕದಲ್ಲ. 1922ರ ಫೆಬ್ರವರಿ 4ರಂದು ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹುಡುಗರಾಗಿದ್ದಾಗ ಒಂದು ಗ್ರಾಮಫೋನ್ ತಟ್ಟೆಯಿಂದ ಹೊರಟ ಹಾಡು ಕಿವಿಗೆ ಬಿದ್ದು ಮನೆಬಿಟ್ಟರು ಎಂಬುದು ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆ ತಟ್ಟೆ ಉಸ್ತಾದ್ ಅಬ್ದುಲ್ ಕರೀಂ ಖಾನರದು. ಝಿಂಜೋಟಿ ರಾಗದ ಠುಮ್ರಿ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಹೊರಟ ಹುಡುಗ ಉತ್ತರ ಹಿಂದೂಸ್ತಾನವನ್ನೆಲ್ಲ ಸುತ್ತಿ, ಕೊನೆಗೆ ಗುರುವನ್ನು ಕಂಡುಕೊಂಡದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ. ಸವಾಯಿ ಗಂಧರ್ವರು ಅದೇ ಕರೀಂ ಖಾನರ ಶಿಷ್ಯರು. ಉತ್ತರದ ಕೈರಾನಾದಲ್ಲಿ ಹುಟ್ಟಿ, ಮೀರಜಿನಲ್ಲಿ ನೆಲೆಸಿ, 1937ರಲ್ಲಿ ಪಾಂಡಿಚೇರಿಯ ದಾರಿಯಲ್ಲಿ ಒಂದು ರೈಲು ನಿಲ್ದಾಣದಲ್ಲಿ ಕಣ್ಣುಮುಚ್ಚಿದ ಉಸ್ತಾದರ ದೇಹವನ್ನು ಮೀರಜಿಗೆ ತಂದು ಅಲ್ಲಿನ ದರ್ಗಾದ ಆವರಣದಲ್ಲಿ ದಫನು ಮಾಡಿದರು. ಅವರ ದನಿಯಾದರೋ ತಟ್ಟೆಯ ಮೇಲೇರಿ ಗದಗ ಸೀಮೆಯ ಒಬ್ಬ ಬ್ರಾಹ್ಮಣ ಶಾಲಾ ಮಾಸ್ತರರ ಮಗನ ತಲೆಯೊಳಗೆ ಮನೆಮಾಡಿತ್ತು.

ಆ ತಟ್ಟೆಯ ಬಗ್ಗೆ ಎರಡು ಮಾತು ಹೇಳಬೇಕು. ಆ ಕಾಲದ 78 ಸುತ್ತಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷ ಚಿಲ್ಲರೆ. ಗಂಟೆಗಟ್ಟಲೆ ಹಾಡುವ ಗವಾಯಿಗಳಿಗೆ ಅದು ಅಂಗೈಯಲ್ಲಿ ಕೆರೆ ಹಿಡಿಯುವ ಕೆಲಸ. ಹಲವರು ಗಾಬರಿಯಾಗಿ, ತಮಗೆ ಬರುವ ತಾನುಗಳನ್ನೆಲ್ಲ ಆ ಮೂರು ನಿಮಿಷದಲ್ಲಿ ತುರುಕಿದರು. ಕರೀಂ ಖಾನರ ಠುಮ್ರಿಯಲ್ಲಿ ಆ ಅವಸರವಿಲ್ಲ. ತೆಳ್ಳಗಿನ, ತುಸು ಮೂಗಿನಿಂದ ಬರುವ ದನಿ ಒಂದು ಸ್ವರದ ಮೇಲೆ ನಿಲ್ಲುತ್ತದೆ, ಮುಂದಿನದಕ್ಕೆ ಹೋಗಲು ಮನಸ್ಸಿಲ್ಲದಂತೆ ಅಲ್ಲೇ ಸುಳಿಯುತ್ತದೆ. ಸಮಯ ಮುಗಿಯಿತೆಂಬ ಆತಂಕ ಕೇಳುವವರಿಗೆ ತಟ್ಟುವುದಿಲ್ಲ. ದೊಡ್ಡ ಸಂಗೀತಕ್ಕೆ ಚಿಕ್ಕ ಪಾತ್ರೆ ಸಾಲದೆಂದು ಗೊಣಗುವವರು ಈ ತಟ್ಟೆಯನ್ನು ಒಮ್ಮೆ ಕೇಳಬೇಕು.

ಇನ್ನೊಂದು ಮಾತು, ಹಳೆಯ ವಸ್ತುಗಳನ್ನು ಕೂಡಿಡುವವರಿಗೆ ಹಿಡಿಸಲಾರದು. ಆ ಹುಡುಗನ ಕೈಯಲ್ಲಿ ತಟ್ಟೆ ಇರಲಿಲ್ಲ, ಮನೆಯಲ್ಲಿ ಅದನ್ನು ನುಡಿಸುವ ಪೆಟ್ಟಿಗೆಯೂ ಇರಲಿಲ್ಲ. ಕೇಳಿದ್ದು ಅಂಗಡಿಯ ಮುಂದೆ ನಿಂತು. ಅಂದರೆ ನಮ್ಮ ಭಾಗದ ಅತಿ ದೊಡ್ಡ ಸಂಗೀತಗಾರನನ್ನು ತಯಾರು ಮಾಡಿದ್ದು ಆತನದಲ್ಲದ ತಟ್ಟೆ, ಆತ ಕಾಸು ಕೊಡದೆ ಕೇಳಿದ ಹಾಡು. ಹಾಗೆ ನೋಡಿದರೆ ಬೀದಿಯ ಕಡೆಗೆ ಬಾಯಿ ತೆರೆದಿದ್ದ ಆ ಗ್ರಾಮಫೋನು ಇವತ್ತಿನ ಮೊಬೈಲಿಗೇ ಹತ್ತಿರದ ನೆಂಟ. ಚಹಾದಂಗಡಿಯ ರೇಡಿಯೋ, 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ, ಮದುವೆ ಮನೆಯ ಮೈಕು, ಇವುಗಳಿಂದಲೇ ಈ ಮೂರು ತಾಲೂಕುಗಳ ಬಹುಪಾಲು ಜನ ಹಾಡು ಕೇಳಿದ್ದು. ಸ್ವಂತ ಕಪಾಟಿನ ತುಂಬ ರಿಕಾರ್ಡು ಜೋಡಿಸಿಟ್ಟವರು ಬೆರಳೆಣಿಕೆಯವರು. ಆದ್ದರಿಂದ ಕೈಗೆ ಸಿಗುವ ವಸ್ತುವಿದ್ದರೆ ಸಂಗೀತ ಉಳಿಯಿತು, ಮೊಬೈಲಿಗೆ ಹೋದರೆ ಅಳಿಯಿತು ಎಂಬ ಹಳಹಳಿಕೆಯನ್ನು ನಾವು ಒಪ್ಪುವುದಿಲ್ಲ. ಗಜೇಂದ್ರಗಡದ ಮಗ್ಗದ ಮನೆಯಲ್ಲಿ ಎರಡೂ ಕೈ ಕೆಲಸದಲ್ಲಿರುವ ನೇಕಾರನಿಗೆ ಮೂರು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ತಿರುವಿ ಹಾಕುವ ಪುರುಸೊತ್ತು ಎಲ್ಲಿಯದು? ತಾನಾಗಿ ಹಾಡುತ್ತಲೇ ಇರುವ ಯಂತ್ರ ಅವನಿಗೆ ವರವೇ.

ಹಾಗಾದರೆ ತಕರಾರು ಯಾವುದರ ಮೇಲೆ? ಹೆಸರಿನ ಮೇಲೆ.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ತಟ್ಟೆಗಳ ಕೊನೆಗೆ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದುದು ಪ್ರಸಿದ್ಧ. ಅದು ಬಿಂಕವಿರಬಹುದು, ಆದರೆ ಅದಕ್ಕೊಂದು ಕಾರಣವೂ ಇತ್ತು. ಆಗ ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಯಾವ ಹಾಡು ಯಾರದೆಂದು ತಿಳಿಯಬೇಕಿತ್ತು. ನಮ್ಮ ಅರಗಿನಿಂದ ಮಾಡಿದ ತಟ್ಟೆ, ನಮ್ಮ ದನಿ, ಅಚ್ಚಾಗುವುದು ಮಾತ್ರ ದೂರದ ಊರಲ್ಲಿ. ನಡುದಾರಿಯಲ್ಲಿ ಹೆಸರು ಕಳೆಯದಿರಲೆಂದು ಹಾಡಿನ ಒಡಲಲ್ಲೇ ಅದನ್ನು ಕಟ್ಟಿ ಕಳಿಸಿದರು. ಭೀಮಸೇನರ ಬಾಲ್ಯದ ಇನ್ನೊಂದು ಕಥೆ ಇಲ್ಲಿ ನೆನಪಾಗುತ್ತದೆ. ಮೆರವಣಿಗೆ, ಭಜನೆಗಳ ಬೆನ್ನು ಹತ್ತಿ ಹೋಗಿ ಸಿಕ್ಕಲ್ಲಿ ಮಲಗಿಬಿಡುತ್ತಿದ್ದ ಮಗನ ಅಂಗಿಗಳ ಮೇಲೆ ತಂದೆ ಗುರುರಾಜರು ‘ಜೋಶಿ ಮಾಸ್ತರರ ಮಗ’ ಎಂದು ಬರೆದಿದ್ದರಂತೆ. ಕಂಡವರು ಓದಿ ಮನೆಗೆ ತಲುಪಿಸುತ್ತಿದ್ದರಂತೆ. ಊರು ಬಿಟ್ಟು ಹೋಗುವ ಹಾಡಿಗೂ ಅಂಥದೊಂದು ಅಂಗಿ ಬೇಕು.

ನಮ್ಮ ಪದಕಾರರಿಗೆ ಇದು ಗ್ರಾಮಫೋನಿಗಿಂತ ಎಷ್ಟೋ ಮೊದಲೇ ಗೊತ್ತಿತ್ತು. ವಚನಕಾರರ, ದಾಸರ ಅಂಕಿತಗಳ ಮಾತು ಎಲ್ಲರಿಗೂ ತಿಳಿದದ್ದೇ. ಶಿಶುನಾಳ ಶರೀಫ ಸಾಹೇಬರ ಪದ ಎಲ್ಲೇ ಹೋಗಲಿ, ಕೊನೆಯ ನುಡಿಯಲ್ಲಿ ‘ಶಿಶುನಾಳಧೀಶ’ ಬಂದೊಡನೆ ಕೇಳುವವರಿಗೆ ಊರು ತಿಳಿಯುತ್ತದೆ. ಲಾವಣಿ, ಗೀಗೀ ಪದಗಳಲ್ಲಿ ಈ ರೂಢಿ ಇನ್ನೂ ಗಟ್ಟಿ: ಕಟ್ಟಿದವನ ಹೆಸರು, ಊರು, ಗುರುವಿನ ಹೆಸರು ಕೊನೆಯಲ್ಲಿ ಬರಬೇಕು. ಮೊಹರಂ ಹಬ್ಬದಲ್ಲಿ ಅಲಾವಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ ರಿವಾಯತ ಪದಗಳದೂ ಅದೇ ದಾರಿ. ಕರ್ಬಲಾದ ದುಃಖವನ್ನು ನಮ್ಮ ಜೋಳದ ಹೊಲ, ನಮ್ಮ ತಾಯಿ-ಮಗನ ಮಾತಿಗೆ ತಂದು ಕಟ್ಟಿದ ಈ ಪದಗಳನ್ನು ಹಾಡುವವರಲ್ಲಿ ಮುಸ್ಲಿಮರಿಗಿಂತ ಇತರರೇ ಹೆಚ್ಚಿರುವ ಊರುಗಳುಂಟು. ಇಂಥ ಪದ ಯಾರದು, ಯಾವ ಊರಿನದು, ಯಾವ ಗುರುವಿನ ಮೇಳದ್ದು ಎಂಬುದಕ್ಕೆ ಬೇರೆ ಕಾಗದಪತ್ರ ಇಲ್ಲ. ಆ ಕೊನೆಯ ನುಡಿಯೇ ಪತ್ರ.

ಈಗ ಮೊಬೈಲಿನ ಲೆಕ್ಕವನ್ನು ನೋಡೋಣ. ಸ್ಪಾಟಿಫೈಯಂಥ ಆಪ್‌ನಲ್ಲಿ ಒಂದು ಹಾಡನ್ನು ಮೂವತ್ತು ಸೆಕೆಂಡು ಕೇಳಿದರೆ ಒಮ್ಮೆ ಕೇಳಿದಂತೆ ಲೆಕ್ಕ. ಕಾಲರ್ ಟ್ಯೂನು ಇರುವುದೂ ಅಷ್ಟೇ ಹೊತ್ತು. ರೀಲ್ಸ್‌ಗೆ ಹಾಡಿನ ನಡುವಿನ ಒಂದು ತುಣುಕು ಸಾಕು. ಈ ಲೆಕ್ಕದಲ್ಲಿ ಹಾಡಿನ ಮೊದಲಿಗೆ ಬೆಲೆ ಇದೆ, ಕೊನೆಗೆ ಬೆಲೆ ಇಲ್ಲ. ಇಪ್ಪತ್ತು ನಿಮಿಷದ ರಿವಾಯತದ ಹತ್ತೊಂಬತ್ತನೆಯ ನಿಮಿಷದಲ್ಲಿ ಬರುವ ಕವಿಯ ಹೆಸರಿನ ತನಕ ಯಾರೂ ಹೋಗುವುದಿಲ್ಲ. ತುಣುಕು ಕತ್ತರಿಸುವವನು ಮೊದಲು ಎಸೆಯುವುದೂ ಅದನ್ನೇ. ಯೂಟ್ಯೂಬಿನಲ್ಲಿ ‘ಮೊಹರಂ ಪದ’ ಎಂದು ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಎಷ್ಟರ ಕೆಳಗೆ ಹಾಡಿದವರ, ಕಟ್ಟಿದವರ ಹೆಸರಿದೆ ಎಂದು ಓದುಗರೇ ನೋಡಲಿ. ಹಾಕಿದವನ ಚಾನೆಲ್ಲಿನ ಹೆಸರು ಮಾತ್ರ ದೊಡ್ಡದಾಗಿ ಇರುತ್ತದೆ.

ಹಾಗೆಂದು ತಟ್ಟೆ-ಕ್ಯಾಸೆಟ್ಟುಗಳ ಕಾಲ ಹೆಸರಿಗೆ ನ್ಯಾಯ ಸಲ್ಲಿಸಿದ ಸತ್ಯಯುಗವಾಗಿತ್ತು ಎಂದೇನೂ ಅಲ್ಲ. 1949ರ ‘ಮಹಲ್’ ಚಿತ್ರದ ತಟ್ಟೆಯ ಮೇಲೆ ಗಾಯಕಿ ಎಂದು ಅಚ್ಚಾದದ್ದು ಕಾಮಿನಿ, ಅಂದರೆ ಚಿತ್ರದ ಪಾತ್ರದ ಹೆಸರು. ಹಾಡಿದ ಲತಾ ಮಂಗೇಶ್ಕರರ ಹೆಸರು ಅಲ್ಲಿರಲಿಲ್ಲ. ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದವು. ತಬಲ, ಸಾರಂಗಿಯವರ ಹೆಸರನ್ನು ಕೇಳುವವರೇ ಇರಲಿಲ್ಲ. ನಮ್ಮ ನೆರೆಯ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿ ದೇಶಕ್ಕೆಲ್ಲ ಮನೆಮಾತಾದರೂ, ರಹಮತ್ ತರೀಕೆರೆಯವರು ಅವರ ಬಗ್ಗೆ ಪುಸ್ತಕ ಬರೆಯುವತನಕ ಕನ್ನಡಿಗರಲ್ಲಿ ಬಹುಮಂದಿಗೆ ಆ ‘ಕರ್ನಾಟಕಿ’ ಯಾವ ಊರಿನವರೆಂಬುದೇ ತಿಳಿದಿರಲಿಲ್ಲ. ಕಂಪನಿಗಳು ತಮಗೆ ಬೇಕಾದ ಹೆಸರನ್ನು ಉಳಿಸಿದವು, ಬೇಡವಾದುದನ್ನು ಬಿಟ್ಟವು. ಆದರೂ ಒಂದು ವ್ಯತ್ಯಾಸವಿದೆ. ತಟ್ಟೆಯ ಮೇಲೆ ನಂಬರಿತ್ತು, ಕಂಪನಿಯ ಚೀಟಿ ಇತ್ತು, ತಪ್ಪೋ ಸರಿಯೋ ಒಂದು ಹೆಸರಿತ್ತು. ಎಂಬತ್ತು ವರ್ಷದ ನಂತರವೂ ಆ ನಂಬರನ್ನು ಹಿಡಿದು ಇದು ಯಾರು, ಎಂದು, ಎಲ್ಲಿ ಹಾಡಿದ್ದು ಎಂದು ಹುಡುಕಲು ಬರುತ್ತದೆ. ನಮ್ಮ ಪೇಟೆಗಳ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುತ್ತಿದ್ದ ಕಾಲವನ್ನು ನೆನೆಸಿಕೊಳ್ಳಿ. ಇಪ್ಪತ್ತು-ಮೂವತ್ತು ರೂಪಾಯಿಗೆ ನೂರಾರು ಹಾಡು. ಗಾಯಕರ ಹೆಸರು ಇರಬೇಕಾದ ಜಾಗದಲ್ಲಿ ಕಳ್ಳ ವೆಬ್‌ಸೈಟಿನ ಹೆಸರು, ಹಾಡಿನ ಹೆಸರಿನ ಜಾಗದಲ್ಲಿ ‘ಟ್ರ್ಯಾಕ್ 03’. ಆ ಕಾರ್ಡುಗಳ ಹಾಡುಗಳನ್ನು ಇವತ್ತು ಯಾರಾದರೂ ವಿಂಗಡಿಸಬಲ್ಲರೇ?

ಆ ಕಾರ್ಡು ಅಂಗಡಿಗಳ ಬಗ್ಗೆ ಇನ್ನೊಂದು ಮಾತೂ ಸಲ್ಲಬೇಕು. ಅದು ಕಾನೂನಿನ ಪ್ರಕಾರ ಕಳವು, ಅನುಮಾನವಿಲ್ಲ. ಆದರೆ ಅಂಗಡಿಯ ಹುಡುಗ ಊರವನಾಗಿದ್ದ. ಯಾರಿಗೆ ಯಾವ ನಾಟಕದ ಹಾಡು ಬೇಕು, ಯಾರಿಗೆ ಪಾರಿಜಾತ, ಯಾರಿಗೆ ಕವ್ವಾಲಿ ಎಂದು ಅವನಿಗೆ ಗೊತ್ತಿರುತ್ತಿತ್ತು. ಊರಿನವರೇ ರಿಕಾರ್ಡು ಮಾಡಿದ ಪದಗಳೂ ಅವನ ಕಂಪ್ಯೂಟರಿನಲ್ಲಿ ಸೇರಿಕೊಂಡಿರುತ್ತಿದ್ದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್ನೆಟ್ಟು ಅಗ್ಗವಾದ ಮೇಲೆ ಆ ಅಂಗಡಿಗಳಿಗೆ ಕೆಲಸ ಉಳಿಯಲಿಲ್ಲ. ಕಂಪ್ಯೂಟರುಗಳು ಗುಜರಿಗೆ ಹೋದಾಗ ಅವುಗಳ ಹೊಟ್ಟೆಯಲ್ಲಿದ್ದ ಊರ ಪದಗಳೂ ಹೋದವು. ಅವುಗಳಿಗಾಗಿ ಅತ್ತವರನ್ನು ನಾವು ಕಂಡಿಲ್ಲ.

ಮೊಬೈಲಿನಲ್ಲಿ ಏನುಂಟು, ಏನಿಲ್ಲ ಎಂಬುದಕ್ಕೆ ಒಂದು ಸರಳ ಸೂತ್ರವಿದೆ: ಯಾವುದಕ್ಕೆ ಕಂಪನಿಯ ಒಡೆತನವಿತ್ತೋ ಅದು ಉಂಟು. ಎಚ್‌ಎಂವಿಯ ಸಂಗ್ರಹ ಸಾರೆಗಾಮ ಕಂಪನಿಯ ಆಸ್ತಿ. ಅದರ ಹಾಡುಗಳು ಎಲ್ಲ ಆಪ್‌ಗಳಲ್ಲಿ ಹರಿಯುತ್ತವೆ. 1986ರಲ್ಲಿ ಪ್ಲಾಟಿನಂ ತಟ್ಟೆಯ ಗೌರವ ಪಡೆದ ಭೀಮಸೇನ ಜೋಶಿಯವರ ದನಿಗೆ ಯಾವ ಭಯವೂ ಇಲ್ಲ. ಅಮೀರಬಾಯಿಯವರ ಚಿತ್ರಗೀತೆಗಳಿಗೂ ಇಲ್ಲ. ಸಿ. ಅಶ್ವಥ್ ಹಾಡಿ ಮನೆಮನೆಗೆ ಮುಟ್ಟಿಸಿದ ಶರೀಫರ ಪದಗಳು ಕ್ಯಾಸೆಟ್ಟಿನಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಆಪ್‌ಗೆ ಸಲೀಸಾಗಿ ದಾಟಿಕೊಂಡಿವೆ. ಇವುಗಳ ಕ್ಯಾಸೆಟ್ಟು ನಿಮ್ಮಲ್ಲಿದ್ದರೆ ಪ್ರೀತಿಯಿಂದ ಇಟ್ಟುಕೊಳ್ಳಿ, ಜಾಗವಿಲ್ಲವೆಂದು ಕೊಟ್ಟುಬಿಟ್ಟರೂ ಲೋಕಕ್ಕೆ ನಷ್ಟವಿಲ್ಲ. ಆದರೆ ಅಶ್ವಥ್ ಹಾಡಿದ ಶರೀಫರೇ ಬೇರೆ, ನರಗುಂದದ ನೆರೆಯ ಯಮನೂರಿನ ರಾಜಾಬಾಗಸವಾರನ ಜಾತ್ರೆಗೆ ಹೋಗುವ ಭಜನಾ ಮೇಳದವರು ಏಕತಾರಿ, ದಮ್ಮಡಿ ಹಿಡಿದು ಹಾಡುವ ಶರೀಫರೇ ಬೇರೆ. ಬೆಂಗಳೂರಿನ ಸ್ಟುಡಿಯೋದ ಧಾಟಿಯೇ ಈಗ ‘ಶರೀಫರ ಧಾಟಿ’ ಆಗಿಬಿಟ್ಟಿದೆ. ಹಳ್ಳಿಯ ಭಜನೆಯ ಹುಡುಗರೂ ಅದನ್ನೇ ಅನುಸರಿಸುತ್ತಾರೆ. ಅಶ್ವಥ್ ದೊಡ್ಡ ಗಾಯಕರು, ಅವರ ಋಣ ನಮ್ಮ ಮೇಲಿದೆ. ಆದರೂ ಒಂದೇ ಧಾಟಿ ಉಳಿದು ಉಳಿದವು ಮಾಯವಾದರೆ ಶರೀಫರಿಗೆ ಲಾಭವಿಲ್ಲ. ಆ ಬೇರೆ ಧಾಟಿಗಳು ಸಿಗುವುದು ಯಾವುದೋ ಮನೆಯ ಖಾಲಿ ಕ್ಯಾಸೆಟ್ಟಿನಲ್ಲಿ, ಎಂಬತ್ತರ, ತೊಂಬತ್ತರ ದಶಕದಲ್ಲಿ ಟೇಪ್‌ರಿಕಾರ್ಡರಿನ ಕೆಂಪು ಗುಂಡಿ ಒತ್ತಿ ಹಿಡಿದದ್ದರಲ್ಲಿ ಮಾತ್ರ.

ಹಣದ ಲೆಕ್ಕವೂ ಅವುಗಳ ಪರವಾಗಿಲ್ಲ. ಕೇಳುಗರು ಕಟ್ಟಿದ ಚಂದಾ ಒಂದೇ ರಾಶಿಗೆ ಸೇರಿ, ಯಾರನ್ನು ಎಷ್ಟು ಸಲ ಕೇಳಿದರೆಂಬುದರ ಮೇಲೆ ಪಾಲಾಗುತ್ತದೆ. ನೀವು ವರ್ಷವಿಡೀ ಒಬ್ಬ ಪದಕಾರನನ್ನೇ ಕೇಳಿದರೂ ನಿಮ್ಮ ದುಡ್ಡಿನ ದೊಡ್ಡ ಪಾಲು ಮುಂಬಯಿಯ ಸಿನಿಮಾ ಹಾಡಿಗೇ. ಅಷ್ಟೇ ಅಲ್ಲ, 2024ರಿಂದ ಸ್ಪಾಟಿಫೈ ಒಂದು ಹಾಡನ್ನು ಹನ್ನೆರಡು ತಿಂಗಳಲ್ಲಿ ಕನಿಷ್ಠ ಸಾವಿರ ಸಲ ಕೇಳದಿದ್ದರೆ ಅದಕ್ಕೆ ಕಾಸು ಕೊಡುವುದಿಲ್ಲ. ರೋಣ ತಾಲೂಕಿನ ಯಾವುದೋ ಊರಿನ ಮೇಳದ ರಿವಾಯತ ಮೊಹರಮಿನ ಹತ್ತು ದಿನ ಬಿಟ್ಟರೆ ಯಾರಿಗೆ ನೆನಪಾದೀತು?

ಇನ್ನು ‘ಡೌನ್‌ಲೋಡ್ ಮಾಡಿಕೊಂಡಿದ್ದೇವೆ’ ಎಂಬ ಸಮಾಧಾನ. ಆಪ್‌ನೊಳಗೆ ಇಳಿಸಿಕೊಂಡ ಹಾಡು ನಮ್ಮದಲ್ಲ. ಅದು ಆ ಆಪ್‌ನ ಬೀಗದೊಳಗೆ ಇರುತ್ತದೆ. ಚಂದಾ ನಿಂತರೆ ಹಾಡೂ ನಿಲ್ಲುತ್ತದೆ, ಮೂವತ್ತು ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ಬಂದು ಹಾಜರಿ ಹಾಕಬೇಕೆಂಬ ಕರಾರೂ ಉಂಟು. ಪಕ್ಕದ ಮನೆಯವರಿಗೆ ಕ್ಯಾಸೆಟ್ಟು ಕೊಟ್ಟಂತೆ ಅದನ್ನು ಕೊಡಲು ಬರುವುದಿಲ್ಲ. ಕಂಪನಿಯೇ ಅಂಗಡಿ ಮುಚ್ಚಿದರೆ? ಫ್ಲಿಪ್‌ಕಾರ್ಟಿನವರು 2012ರಲ್ಲಿ ಹಾಡು ಮಾರಲು ತೆರೆದ ‘ಫ್ಲೈಟ್’ ಮರುವರ್ಷವೇ ಮುಚ್ಚಿತು. ಕೊಂಡವರು ತಮ್ಮ ಹಾಡುಗಳನ್ನು ಗಡುವಿನೊಳಗೆ ಇಳಿಸಿಕೊಳ್ಳಬೇಕಾಯಿತು. ಅಲ್ಲಿ ಕೊಂಡದ್ದು ನಿಜವಾದ ಫೈಲಾದ್ದರಿಂದ ಕಡೆಗೆ ಅದಾದರೂ ಕೈಗೆ ಬಂತು. ಏರ್‌ಟೆಲ್‌ನವರು ವಿಂಕ್ ಮ್ಯೂಸಿಕ್ ನಿಲ್ಲಿಸುವುದಾಗಿ 2024ರಲ್ಲಿ ಹೇಳಿದರು. ರೆಸ್ಸೋ ಅದೇ ವರ್ಷದ ಜನವರಿಯಲ್ಲಿ ಕಣ್ಮರೆಯಾಯಿತು. ಅಂಗಡಿ ಮುಚ್ಚಿತೆಂದು ಅಂಗಡಿಯವನು ನಾವು ಕೊಂಡ ಕ್ಯಾಸೆಟ್ಟನ್ನು ಮನೆಗೆ ಬಂದು ಒಯ್ದದ್ದು ಹಿಂದೆ ಎಂದಾದರೂ ಉಂಟೇ?

ಸಂಸ್ಥೆಗಳನ್ನು ನಂಬಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ನಂಬಬೇಕು, ಆದರೆ ಪೂರ್ತಿ ಅಲ್ಲ. ಓಡಿಯನ್ ಎಂಬ ಜರ್ಮನ್ ಕಂಪನಿ ಭಾರತದಲ್ಲಿ 1912ರಿಂದ 16ರವರೆಗೆ, ಮತ್ತೆ 1932ರಿಂದ 38ರವರೆಗೆ ವ್ಯಾಪಾರ ಮಾಡಿತು. ಕರೀಂ ಖಾನರ ಕೊನೆಗಾಲದ ತಟ್ಟೆಗಳು ಆ ಕಂಪನಿಯವು. ಕಂಪನಿ ಹೋಗಿ ದಶಕಗಳಾದವು. ಅದರ ತಟ್ಟೆಗಳು ಉಳಿದದ್ದು ಚೋರ್ ಬಜಾರು, ಹಳೆಯ ವಾಡೆಗಳಲ್ಲಿ ಅವುಗಳನ್ನು ಹೆಕ್ಕಿ ತಂದ ಹವ್ಯಾಸಿಗಳಿಂದ. 1990ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್‌ನ ಸುರೇಶ ಚಾಂದವಣಕರರು ಹೀಗೆ ಹವ್ಯಾಸಿಗಳ ಕೈಯಲ್ಲಿದ್ದ ಓಡಿಯನ್ ತಟ್ಟೆಗಳನ್ನು ಕೂಡಿಸಿ, ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಡಿಜಿಟಲ್ ಮಾಡಿಸಿದರು. ಲಂಡನ್ನಿನ ಆ ದೊಡ್ಡ ಗ್ರಂಥಾಲಯದ ಮೇಲೆ 2023ರ ಅಕ್ಟೋಬರಿನಲ್ಲಿ ಸೈಬರ್ ದಾಳಿಯಾಯಿತು. ಅದರ ಆನ್‌ಲೈನ್ ಸಂಗ್ರಹದ ಬಹುಭಾಗ ತಿಂಗಳುಗಟ್ಟಲೆ ಯಾರಿಗೂ ಸಿಗದಂತಾಯಿತು. ತಟ್ಟೆಯನ್ನು ಕೈಯಲ್ಲಿ ಇಟ್ಟುಕೊಂಡಿದ್ದ ಹವ್ಯಾಸಿ ಮಾತ್ರ ಆ ತಿಂಗಳುಗಳಲ್ಲೂ ಸೂಜಿ ಇಳಿಸಿ ಕೇಳಬಹುದಿತ್ತು. ಒಂದೇ ಕಡೆ ಇದ್ದದ್ದು, ಆ ಕಡೆ ಎಷ್ಟೇ ಭದ್ರವಾಗಿರಲಿ, ಒಂದು ದಿನ ಇಲ್ಲವಾಗಬಹುದು.

ನಮ್ಮ ವಿದ್ವಾಂಸರ ವಿಷಯದಲ್ಲೂ ಒಂದು ಕೊರಗಿದೆ. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದರು. ಮುಂದೆ ಲಾವಣಿಗಳ ಸಂಗ್ರಹ ‘ಜೀವನ ಸಂಗೀತ’ ಬಂತು. ಮಧುರಚೆನ್ನ, ಸಿಂಪಿ ಲಿಂಗಣ್ಣನವರ ಜೊತೆ ಪಿ. ಧೂಲಾಸಾಹೇಬರೂ ಆ ಗುಂಪಿನವರು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸಿನ ಹಾಡನ್ನು ಅಕ್ಷರಕ್ಕೆ ಇಳಿಸಿದ ಅವರ ಕೆಲಸಕ್ಕೆ ಬೆಲೆ ಕಟ್ಟಲಾಗದು. ಟೇಪ್‌ರಿಕಾರ್ಡರು ಇಲ್ಲದ ಕಾಲದಲ್ಲಿ ಅವರು ಅಷ್ಟು ಮಾಡಿದರು. ಅದು ಕೈಗೆ ಬಂದ ಮೇಲೆ ಬಂದವರು ಏನು ಮಾಡಿದರು? ಊರೂರು ತಿರುಗಿ ಹಾಡು ಹಿಡಿದರು, ಪದಗಳನ್ನು ಬರೆದುಕೊಂಡರು, ಪುಸ್ತಕ ಮಾಡಿದರು, ಪದವಿ ಪಡೆದರು. ಪುಸ್ತಕ ಅಚ್ಚಾದೊಡನೆ ಕ್ಯಾಸೆಟ್ಟಿನ ಕೆಲಸ ಮುಗಿಯಿತೆಂದು ಬಹಳ ಮಂದಿ ತಿಳಿದರು. ಕೆಲವರು ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ಊರಿನ ಹಾಡನ್ನು ಹಿಡಿದರು. ಹೀಗಾಗಿ ಮಾತು ಉಳಿದು ಧಾಟಿ ಹೋದ ಪದಗಳು ನಮ್ಮ ಗ್ರಂಥಾಲಯಗಳ ತುಂಬ ಇವೆ. ಓದಬಹುದು, ಹಾಡಲು ಬಾರದು. ಶರೀಫರ ಊರಿಗೆ ಹತ್ತಿರದ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯವೇ ಹುಟ್ಟಿದೆ. ನಿವೃತ್ತರಾದ ಸಂಗ್ರಾಹಕರ ಮನೆಯ ಕ್ಯಾಸೆಟ್ಟುಗಳನ್ನು ಕೇಳಿ ಪಡೆಯಲು ಅದಕ್ಕಿಂತ ಸರಿಯಾದ ಜಾಗ ಇನ್ನಾವುದು?

ಸಂಗೀತ ಕೂಡದು ಎಂದು ನಂಬುವ ಮನೆಗಳು ನಮ್ಮಲ್ಲಿವೆ. ಆ ವಾದಕ್ಕೆ ನಾವಿಲ್ಲಿ ಇಳಿಯುವುದಿಲ್ಲ. ಆದರೆ ಅಂಥ ಮನೆಗಳಲ್ಲೂ ಕ್ಯಾಸೆಟ್ಟು ಇದ್ದೇ ಇತ್ತು: ನಾತ್, ಮರ್ಸಿಯಾ, ಉರುಸಿನ ರಾತ್ರಿಯ ಬಯಾನು, ಊರಿಗೆ ಬಂದಿದ್ದ ಹಿರಿಯ ಮೌಲಾನಾ ಒಬ್ಬರ ಪ್ರವಚನ, ತೀರಿಹೋದ ಅಜ್ಜಿ ಹೇಳಿದ ಕಥೆ. ದಖನಿ ಮಾತಾಡುವ ಹೆಂಗಸರು ಹಿಟ್ಟು ಬೀಸುತ್ತ ಹೇಳುತ್ತಿದ್ದ ಚಕ್ಕಿನಾಮಾಗಳು ಬಿಜಾಪುರದ ಸೂಫಿಗಳ ಕಾಲದಿಂದ ಬಂದವು. ಅವುಗಳ ಒಂದೆರಡು ಸಾಲಾದರೂ ಗೊತ್ತಿರುವ ಮುದುಕಿಯರು ಇನ್ನೂ ಅಲ್ಲಲ್ಲಿ ಇದ್ದಾರು. ಹಿಟ್ಟಿನ ಗಿರಣಿ ಬಂದ ಮೇಲೆ ಹುಟ್ಟಿದವರಿಗೆ ಅದು ಬಾರದು. ಇದಕ್ಕೆ ಯಾವ ಕಂಪನಿಯೂ ಒಡೆಯನಾಗಲಿಲ್ಲ. ಆದ್ದರಿಂದ ಯಾವ ಆಪ್‌ನಲ್ಲೂ ಇಲ್ಲ.

ನಮ್ಮ ಆಯ್ಕೆ ಇಷ್ಟರಲ್ಲೇ ಸ್ಪಷ್ಟವಾಗಿರಬೇಕು. ಸಿನಿಮಾ ಹಾಡು, ಭೀಮಸೇನರ ದಾಸವಾಣಿ, ಕರೀಂ ಖಾನರ ಝಿಂಜೋಟಿ, ಇವನ್ನೆಲ್ಲ ಮೊಬೈಲಿನಲ್ಲಿ ಕೇಳಿ ಸುಖಪಡೋಣ. ಮನಸ್ಸಿಗೆ ಬಹಳ ಹತ್ತಿರವಾದುದನ್ನು ಬೀಗವಿಲ್ಲದ ಫೈಲಾಗಿ ದುಡ್ಡು ಕೊಟ್ಟು ಕೊಳ್ಳೋಣ. ಯಾವ ಕಂಪನಿಯ ಪಟ್ಟಿಯಲ್ಲೂ ಇರದ ದನಿಯ ಕ್ಯಾಸೆಟ್ಟನ್ನು ಮಾತ್ರ, ಅದು ಎಷ್ಟೇ ಕೊರಕಲಾಗಿ ಕೇಳಿಸಲಿ, ಕಳೆಯಬಾರದು. ಬರೀ ಇಟ್ಟುಕೊಂಡರೂ ಸಾಲದು. ಕ್ಯಾಸೆಟ್ಟಿನ ಟೇಪು ಮುವ್ವತ್ತು-ನಲವತ್ತು ವರ್ಷಕ್ಕೆ ಸವೆಯುತ್ತ ಬರುತ್ತದೆ. ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುತ್ತದೆ, ಪದರಕ್ಕೆ ಪದರ ಅಂಟುತ್ತದೆ. ಅದಕ್ಕಿಂತ ಮೊದಲು ಟೇಪ್‌ರಿಕಾರ್ಡರೇ ಸಾಯುತ್ತದೆ: ಒಳಗಿನ ರಬ್ಬರ್ ಬೆಲ್ಟು ಸಡಿಲಾಗಿ ಹಾಡು ಎಳೆಎಳೆಯುತ್ತದೆ, ಹೆಡ್ಡು ಸವೆಯುತ್ತದೆ. ಅದನ್ನು ರಿಪೇರಿ ಮಾಡಬಲ್ಲ ಕೈಗಳು ನಮ್ಮ ಪೇಟೆಗಳಲ್ಲಿ ವಯಸ್ಸಾಗುತ್ತ ಇವೆ.

ಆದ್ದರಿಂದ ಇರುವ ಯಂತ್ರ ಕೆಡುವ ಮೊದಲೇ ಕೆಲಸ ಆಗಬೇಕು. ಬಹುದಿನ ಮುಟ್ಟದ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ ಸಡಿಲಿಸಿ, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಆಮೇಲೆ ಹಾಕುವುದು. ಹಿಂದೆ ಕೊಡುವ ತೂತುಗಳ ಚಿಕ್ಕ ಪ್ಲಾಸ್ಟಿಕ್ ಹಲ್ಲನ್ನು ಮುರಿದಿಟ್ಟರೆ ಕೈತಪ್ಪಿ ಅದರ ಮೇಲೆ ಬೇರೆ ರಿಕಾರ್ಡು ಆಗುವುದಿಲ್ಲ. ಟೇಪ್‌ರಿಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ತಂತಿ ಕೊಟ್ಟು ಹಿಡಿದರೆ ಸಾಕು. ಮೊಬೈಲನ್ನು ಸ್ಪೀಕರಿನ ಮುಂದೆ ಹಿಡಿಯುವುದು ಬೇರೆ ದಾರಿಯೇ ಇಲ್ಲದಾಗ. ಎಂಪಿತ್ರೀಗಿಂತ ವೇವ್ ಫೈಲು ಒಳ್ಳೆಯದು. ಎರಡು ಕಡೆ, ಎರಡು ಮನೆಗಳಲ್ಲಿ ಇಡಬೇಕು. ಬಡಿತ, ಕೆಮ್ಮು, ‘ಇನ್ನೊಂದು ಹೇಳ್ರೀ ಕಾಕಾ’ ಎಂದು ಯಾರೋ ಕೂಗಿದ್ದು, ಇವನ್ನ್ಯಾವುದನ್ನೂ ಕತ್ತರಿಸಬಾರದು. ಮುಖ್ಯವಾಗಿ ಕೊನೆಯ ನುಡಿಯ ತನಕ ಹಿಡಿಯಬೇಕು. ಹಾಡಿದವರು ಯಾರು, ಹಿಮ್ಮೇಳದಲ್ಲಿ ಯಾರಿದ್ದರು, ಯಾವ ಊರು, ಯಾವ ವರ್ಷದ ಮೊಹರಮು ಎಂಬುದನ್ನು ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ ಬರೆದು ಫೈಲಿನ ಜೊತೆಗೆ ಇಡಬೇಕು. ಇದು ಶಾಲೆಯ ಮಕ್ಕಳು ಒಂದು ರಜೆಯಲ್ಲಿ ಮಾಡಬಹುದಾದ ಕೆಲಸ.

ಕಾನೂನಿನ ಅಂಜಿಕೆ ಇರುವವರಿಗೆ ಒಂದು ಮಾತು: ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಮೂವತ್ತರ ದಶಕದ ತಟ್ಟೆಗಳು ಈಗ ಎಲ್ಲರ ಸ್ವತ್ತು. ಮನೆಯವರೇ ಹಿಡಿದ ಕ್ಯಾಸೆಟ್ಟಿನ ವಿಷಯದಲ್ಲಿ ಕಾನೂನಿಗಿಂತ ಮರ್ಯಾದೆ ದೊಡ್ಡದು. ಉಳಿಸುವುದು ಬೇರೆ, ಊರಿಗೆಲ್ಲ ಕೇಳಿಸುವುದು ಬೇರೆ. ಮದುವೆ ಮನೆಯಲ್ಲಿ ಹೆಂಗಸರು ತಮ್ಮತಮ್ಮೊಳಗೆ ಹಾಡಿಕೊಂಡ ಹಾಡನ್ನು ಅವರ ಮೊಮ್ಮಗ ಯೂಟ್ಯೂಬಿಗೆ ಏರಿಸುವ ಮುನ್ನ ಬದುಕಿರುವವರನ್ನು ಕೇಳಬೇಕು, ಇಲ್ಲದಿದ್ದರೆ ಅವರ ಮಕ್ಕಳನ್ನು ಕೇಳಬೇಕು. ಬೇಡವೆಂದರೆ ಫೈಲು ಮನೆಯಲ್ಲೇ ಇರಲಿ, ಹೆಸರು ಬರೆದ ಚೀಟಿಯ ಜೊತೆ.